ನಲ್ಲಿಗೆ ಹೊಳೆ ನೀರು ಬಂತು, ಫಿಲ್ಟರ್ ಘಟಕಕ್ಕೆ ಬೀಗ ಹಾಕಬಹುದಾ?

(ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಬಿಳಿಜೋಳ (ಮಸ್ಕಿ ತಾಲ್ಲೂಕು)

ಮುಂದಿನ ವಾರ ಗ್ರಾಮಸಭೆ ಇದೆ. ಬಹುಗ್ರಾಮ ಯೋಜನೆಯ ಹೊಳೆ ನೀರು (ಕಾಲುವೆಯಿಂದ ಕೆರೆಗೆ ತುಂಬಿಸಿ, ಸೋಸಿ ಕಳಿಸುವುದು) ಈಗ ದಿನ ಬಿಟ್ಟು ದಿನ ಮನೆ ನಲ್ಲಿಗೆ ಬರುತ್ತಿದೆ. ಊರ ಶುದ್ಧ ಕುಡಿಯುವ ನೀರಿನ ಘಟಕವೂ ನಡೆಯುತ್ತಿದೆ, ಐದು ರೂಪಾಯಿಗೆ 20 ಲೀಟರ್. ಇನ್ನು ಘಟಕ ಯಾಕೆ, ಕರೆಂಟ್ ಬಿಲ್ಲು ದಂಡ, ಬೀಗ ಹಾಕೋಣ ಅನ್ನುವುದು ಅರ್ಧ ಸದಸ್ಯರ ಮಾತು. ಉಳಿದವರಿಗೆ ನಲ್ಲಿ ನೀರಿನ ಮೇಲೆ ನಂಬಿಕೆ ಇಲ್ಲ.

ಕೈಯಲ್ಲಿರುವ ವರದಿ ಹೀಗಿದೆ. ಘಟಕದ ಬೋರ್: ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ) 1,800, ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆಗೆ ಹಾನಿ) 3.2. ಘಟಕದಿಂದ ಬರುವ ನೀರು: ಟಿಡಿಎಸ್ 90, ಫ್ಲೋರೈಡ್ 0.2. ನಲ್ಲಿ ನೀರು: ಟಿಡಿಎಸ್ 220, ಫ್ಲೋರೈಡ್ 0.4. ಎಲ್ಲವೂ ಲೀಟರಿಗೆ ಮಿಲಿಗ್ರಾಂ. ಇಷ್ಟು ನೋಡಿ ತೀರ್ಮಾನ ಮಾಡಬಹುದಾ?

ಲ್ಯಾಬ್ ಬೆಂಚು

ಮಾಡಬಾರದು. ನಲ್ಲಿಯ ಮಾದರಿ ಯಾವ ತಿಂಗಳಲ್ಲಿ ತೆಗೆದದ್ದು ಅಂತ ಮೊದಲು ಹೇಳಿ. ತುಂಗಭದ್ರಾ ಎಡದಂಡೆ ಕಾಲುವೆ ತುಂಬಿ ಹರಿಯುವಾಗ ತೆಗೆದ ಮಾದರಿಗೂ ಏಪ್ರಿಲ್ ಕೊನೆಯಲ್ಲಿ ತೆಗೆದದ್ದಕ್ಕೂ ಸಂಬಂಧವೇ ಇರುವುದಿಲ್ಲ.

ಮಿತಿಗಳನ್ನೂ ಹೇಳಿಬಿಡುತ್ತೇನೆ, ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ 1.0 ಇದ್ದರೆ ಸರಿ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ ಮಾತ್ರ 1.5ರ ತನಕ ತಡೆದುಕೊಳ್ಳಬಹುದು. ಟಿಡಿಎಸ್‌ಗೆ 500, ಬೇರೆ ದಾರಿಯಿಲ್ಲದಾಗ 2,000. ನೈಟ್ರೇಟ್ 45, ಅದಕ್ಕೆ ವಿನಾಯಿತಿ ಇಲ್ಲ. ಅಂದರೆ ನಿಮ್ಮ ಬೋರ್ ನೀರು ಟಿಡಿಎಸ್ ಲೆಕ್ಕದಲ್ಲಿ ಹೇಗೋ ಪಾಸಾಗಿ ಫ್ಲೋರೈಡ್‌ನಲ್ಲಿ ಮಿತಿಯ ಎರಡು ಪಟ್ಟು ದಾಟಿದೆ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನಷ್ಟೇ ಅಳೆಯುತ್ತದೆ. ಅದಕ್ಕೆ ಫ್ಲೋರೈಡ್ ಗೊತ್ತಿಲ್ಲ, ಹೇಲಿನ ರೋಗಾಣುವಂತೂ ಮೊದಲೇ ಗೊತ್ತಿಲ್ಲ.

ಬಿಳಿಜೋಳ

ಮಾದರಿ ಸೆಪ್ಟೆಂಬರ್‌ದು.

ನೀರಗಂಟಿ

ಅಲ್ಲೇ ಐತಿ ನೋಡ್ರಿ ಗುಟ್ಟು. ಕಾಲುವಿ ಬಂದ್ ಆದ ಮ್ಯಾಲ ಕುಡಿಯೋ ನೀರಿನ ಕೆರಿ ಮ್ಯಾಲೆ ದಿನ ತಳ್ಳಬೇಕು. ಕೊನೀ ಭಾಗದ ಊರಿಗೆ ಮೊದಲೇ ನೀರು ಕಮ್ಮಿ, ಕೆರಿ ಪೂರ್ತಿ ತುಂಬಿರಂಗಿಲ್ಲ. ಬ್ಯಾಸಗ್ಯಾಗ ಕೆರಿ ತಳ ಕಂಡ ಕೂಡಲೇ ಏನು ಮಾಡ್ತಾರ? ಹಳೇ ಬೋರಿನ ಪೈಪ್ ಇನ್ನೂ ಓವರ್‌ಹೆಡ್ ಟ್ಯಾಂಕಿಗೆ ಜೋಡಿಸಿದ್ದ ಇರ್ತತಿ, ವಾಲ್ವ್ ತಿರುವಿದ್ರ ಮುಗೀತು. ನಲ್ಲಿ ಅದೇ, ಮೀಟರ್ ಅದೇ, ಒಳಗಿನ ನೀರು ಮಾತ್ರ ಬ್ಯಾರೆ. ಊರ ಮಂದಿಗೆ ಗೊತ್ತೇ ಆಗಂಗಿಲ್ಲ. ಗೊತ್ತಾಗೋದು ಚಾ ರುಚಿ ಕೆಟ್ಟಾಗ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ತುಂಬಿದ ಡ್ಯಾಮ್ ಖಾಲಿ ಮಾಡೋ ಪರಿಸ್ಥಿತಿ ಬಂದಿತ್ತು. ಅಂಥಾದ್ದು ಇನ್ನೊಮ್ಮೆ ಆಗಂಗಿಲ್ಲ ಅಂತ ಬರದು ಕೊಡೋರು ಯಾರು?

ಲ್ಯಾಬ್ ಬೆಂಚು

ನೀರಗಂಟಿ ಅಣ್ಣಾರು ಹೇಳಿದ ಬೆರಕೆಯ ಲೆಕ್ಕ ನಿಮ್ಮ ಅಂಕಿಯಿಂದಲೇ ಹಾಕಬಹುದು. ಹೊಳೆ ನೀರು 0.4, ಬೋರ್ 3.2. ನಾಲ್ಕು ಪಾಲು ಹೊಳೆ ನೀರಿಗೆ ಒಂದು ಪಾಲು ಬೋರ್ ಬೆರೆಸಿದರೆ 4 × 0.4 ಮತ್ತು 3.2 ಕೂಡಿ 4.8, ಐದರಿಂದ ಭಾಗಿಸಿದರೆ 0.96. ಮಿತಿಯ ಅಂಚಿನಲ್ಲಿ ನಿಂತಿತು. ಅರ್ಧಕ್ಕರ್ಧ ಬೆರೆಸಿದರೆ 1.8, ಮಿತಿ ದಾಟಿತು. ಹಾಗಾಗಿ 50,000 ಲೀಟರ್ ಟ್ಯಾಂಕಿಗೆ ಬೋರ್ ನೀರು 10,000 ಲೀಟರಿಗಿಂತ ಹೆಚ್ಚು ಬೀಳಕೂಡದು. ಟ್ಯಾಂಕಿನ ಮಟ್ಟ ತೋರಿಸುವ ಕಡ್ಡಿಗೆ ಬಣ್ಣ ಬಳಿದು ಗುರುತು ಮಾಡಿ. ಅಂದಾಜಿನ ಮೇಲೆ ವಾಲ್ವ್ ತಿರುವುವುದಕ್ಕಿಂತ ಅದು ಎಷ್ಟೋ ವಾಸಿ. ನಿಮ್ಮ ಬೋರಿನ ಅಂಕಿ ಬೇರೆಯಾದರೆ ಗೆರೆಯೂ ಬೇರೆ ಆಗುತ್ತದೆ, ಇದನ್ನೇ ಪಕ್ಕದ ಊರಿಗೆ ಒಯ್ಯಬೇಡಿ.

ಘಟಕದ ಕೀಲಿ

ಬೀಗ ಹಾಕೋಣ ಅನ್ನುವವರಿಗೆ ಒಂದು ಮಾತು. ಈ ಘಟಕ ಅಂದರೆ ಆರ್‌ಓ: ಒತ್ತಡ ಹಾಕಿ ನೀರನ್ನು ಮೆಂಬ್ರೇನ್ ಅನ್ನುವ ಸೂಕ್ಷ್ಮ ಪೊರೆಯಲ್ಲಿ ಹಾಯಿಸಿ ಲವಣ ಬೇರ್ಪಡಿಸುವ ಯಂತ್ರ. ಆರ್‌ಓ ಘಟಕ ಹ್ಯಾಂಡ್‌ಪಂಪ್ ಅಲ್ಲ, ಆರು ತಿಂಗಳು ಬಿಟ್ಟು ಬಂದು ಒತ್ತಿದರೆ ನೀರು ಕೊಡಲಿಕ್ಕೆ. ಮೆಂಬ್ರೇನ್ ಒಳಗೆ ನಿಂತ ನೀರು ವಾರದೊಳಗೆ ಪಾಚಿಗಟ್ಟಿದ ಹಾಗೆ ಲೋಳೆಯಾಗುತ್ತದೆ. ಒಣಗಿದರೆ ಇನ್ನೂ ಕೆಟ್ಟದು, ಮತ್ತೆ ಸರಿ ಹೋಗುವುದೇ ಇಲ್ಲ. ಮೇಲೆ ನಮ್ಮ ಕಡೆಯ ಘಟಕಗಳು ಬಹುತೇಕ ತಗಡಿನ ಶೆಡ್‌ನಲ್ಲಿವೆ. ಮೆಂಬ್ರೇನ್ ತಡೆಯುವ ಶಾಖ 45 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ತಗಡಿನ ಶೆಡ್ ಒಳಗೆ ಎಷ್ಟಿರುತ್ತದೆ ಅಂತ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇರುವುದು ಎರಡೇ ದಾರಿ. ಒಂದು, ದಿನಾ ಅಥವಾ ದಿನ ಬಿಟ್ಟು ದಿನ ಅರ್ಧ ತಾಸು ಓಡಿಸುವುದು, ಬಂದ ನೀರನ್ನು ಶಾಲೆಗೋ ಅಂಗನವಾಡಿಗೋ ಕೊಡುವುದು. ಎರಡು, ತಿಂಗಳುಗಟ್ಟಲೆ ನಿಲ್ಲಿಸುವುದೇ ಆದರೆ ಮೆಂಬ್ರೇನ್‌ಗೆ ಔಷಧ ತುಂಬಿ ಮುಚ್ಚುವುದು. ಘಟಕದ್ದೇ ಶುದ್ಧ ನೀರು 100 ಲೀಟರಿಗೆ 1 ಕೆ.ಜಿ. ಸೋಡಿಯಂ ಮೆಟಾಬೈಸಲ್ಫೈಟ್, ಅಂದರೆ ಶೇ 1ರ ದ್ರಾವಣ. ಅರ್ಧ ತಾಸು ಒಳಗೇ ಸುತ್ತಾಡಿಸಿ, ಎಲ್ಲ ವಾಲ್ವ್ ಬಿಗಿ ಮಾಡಿ ಗಾಳಿಯಾಡದ ಹಾಗೆ ಬಿಡಬೇಕು. ತಿಂಗಳಿಗೊಮ್ಮೆ ಪಿಎಚ್ ಕಾಗದ ಅದ್ದಿ ನೋಡಬೇಕು, 3ರ ಕೆಳಗೆ ಇಳಿದಿದ್ದರೆ ಹೊಸ ದ್ರಾವಣ. ಮತ್ತೆ ಶುರು ಮಾಡುವ ದಿನ ಮೊದಲ ಒಂದು ತಾಸಿನ ನೀರು ಪೂರ್ತಿ ಚರಂಡಿಗೆ, ಯಾರಿಗೂ ಕುಡಿಯಲು ಕೊಡಬಾರದು.

ತುಂಗೆತೀರ (ಗಂಗಾವತಿ)

ಇಷ್ಟೆಲ್ಲ ಯಾಕೆ ಸರ್? ಬೋರ್ ಬಿಟ್ಟು ಹೊಳೆ ನೀರನ್ನೇ ಘಟಕಕ್ಕೆ ಜೋಡಿಸಿದರೆ ಆಯಿತಲ್ಲ. ಫ್ಲೋರೈಡ್ ಕಾಟವೂ ಇಲ್ಲ, ಘಟಕವೂ ಓಡುತ್ತದೆ.

ಘಟಕದ ಕೀಲಿ

ಘಟಕ ಕೆಡಿಸಲಿಕ್ಕೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಇರಲೂ ಬೇಕು. ಆದರೆ ಮೆಂಬ್ರೇನ್‌ನ ಪಾಲಿಅಮೈಡ್ ಪೊರೆಗೆ ಕ್ಲೋರಿನ್ ಆಗಿಬರುವುದಿಲ್ಲ, ನಿಧಾನಕ್ಕೆ ಸುಟ್ಟುಹೋಗುತ್ತದೆ. ಮುಂದೆ ಕಾರ್ಬನ್ ಫಿಲ್ಟರ್ ಇದೆಯಲ್ಲ ಅನ್ನಬಹುದು. ಆ ಇದ್ದಿಲು ಎಷ್ಟು ವರ್ಷದಿಂದ ಬದಲಾಗಿಲ್ಲ ಅಂತ ಕೇಳಿ ನೋಡಿ. ಕಾರ್ಬನ್ ದಾಟಿ ಬಂದ ನೀರಿಗೆ ಕ್ಲೋರಿನ್ ಕಿಟ್‌ನ ಹನಿ ಹಾಕಿ: ತುಸು ಹಳದಿ ಬಂದರೂ ಇದ್ದಿಲು ಸತ್ತಿದೆ ಅಂತಲೇ ಅರ್ಥ.

ಆಪರೇಟರ್‌ಗಳು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ. ಟಿಡಿಎಸ್ ಏರಿ ನೀರೂ ಹೆಚ್ಚು ಬರುತ್ತಿದ್ದರೆ ಮೆಂಬ್ರೇನ್ ಕ್ಲೋರಿನ್‌ಗೆ ಸುಟ್ಟಿದೆ, ಬದಲಿಸದೆ ಗತಿ ಇಲ್ಲ. ಟಿಡಿಎಸ್ ಏರಿ ನೀರು ಇಳಿದರೆ ಸುಣ್ಣ ಕಟ್ಟಿದೆ, ಶೇ 2ರ ಸಿಟ್ರಿಕ್ ಆಮ್ಲದಿಂದ ತೊಳೆದರೆ ಬಹಳಷ್ಟು ಸಲ ಮರಳಿ ಬರುತ್ತದೆ. ಟಿಡಿಎಸ್ ಹಾಗೇ ಇದ್ದು ನೀರು ಮಾತ್ರ ಇಳಿದರೆ ಕೆಸರು ಅಥವಾ ಲೋಳೆ, ಅದಕ್ಕೆ ಕ್ಷಾರದ ತೊಳೆತ. ನಿನ್ನೆ ಸರಿಯಿದ್ದು ಇವತ್ತು ದಿಢೀರ್ ಏರಿದ್ದರೆ ಮೆಂಬ್ರೇನ್ ಮುಟ್ಟುವ ಮುಂಚೆ ಓ-ರಿಂಗ್ ನೋಡಿ, ಸಣ್ಣ ರಬ್ಬರ್ ಬಳೆ ಹರಿದದ್ದಕ್ಕೆ ನಾಲ್ಕು ಮೆಂಬ್ರೇನ್‌ನ ಬಿಲ್ಲು ಹಾಕುವವರಿದ್ದಾರೆ. ಬೇಸಿಗೆಯಲ್ಲಿ ನೀರು ಬಿಸಿಯಾದಾಗ ಟಿಡಿಎಸ್ ತುಸು ಏರುವುದು ಸಹಜ, ಅದು ರೋಗ ಅಲ್ಲ.

ಸುಣ್ಣ ಕಟ್ಟುವುದಕ್ಕೆ ಮುಖ್ಯ ಕಾರಣ ಒಂದೇ. ಆ್ಯಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕ) ಡಬ್ಬಿ ಖಾಲಿ ಇರುತ್ತದೆ, ಅಥವಾ ಒಂದು ಡಬ್ಬಿಯನ್ನು ನಾಲ್ಕು ತಿಂಗಳು ಬರಲಿ ಅಂತ ನೀರು ಬೆರೆಸಿರುತ್ತಾರೆ. ತಾಸಿಗೆ 2,000 ಲೀಟರ್ ಒಳಕ್ಕೆ ಎಳೆಯುವ ಘಟಕಕ್ಕೆ ಲೀಟರಿಗೆ 4 ಮಿ.ಗ್ರಾಂ. ಅಂದರೆ ತಾಸಿಗೆ 8 ಗ್ರಾಂ ಬೇಕು. ಇಷ್ಟು ಸಣ್ಣ ಉಳಿತಾಯಕ್ಕೆ ಇಡೀ ಸೆಟ್ಟೇ ಹೋಗುತ್ತದೆ.

ತುಂಗೆತೀರ (ಗಂಗಾವತಿ)

ತಿಳೀತು ಸರ್. ಆದರೆ ನಲ್ಲಿ ನೀರು 220 ಟಿಡಿಎಸ್ ಇದ್ದ ಕಡೆಯೂ ಮನೆಮನೆಗೆ ಆರ್‌ಓ ಮಾರಿಕೊಂಡು ಹೋಗ್ತಾರಲ್ಲ?

ಲ್ಯಾಬ್ ಬೆಂಚು

ಮಾರುವವರು ಮಾರುತ್ತಾರೆ. ಟಿಡಿಎಸ್ 500ರ ಒಳಗಿರುವ ಕಡೆ ಆರ್‌ಓ ನಿಷೇಧಿಸಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. 220ರ ನೀರಿಗೆ ಬೇಕಾಗಿರುವುದು ಸೋಸುವುದು ಮತ್ತು ಕ್ಲೋರಿನ್, ಅಷ್ಟೇ. ಮಾರುವವರು ಎರಡು ತಂತಿ ಇಳಿಬಿಟ್ಟು ನೀರು ಕಂದು ಬಣ್ಣ ಮಾಡಿ ತೋರಿಸುತ್ತಾರಲ್ಲ, ಅದು ಕರೆಂಟಿಗೆ ಕರಗಿದ ಕಬ್ಬಿಣದ ಕಡ್ಡಿಯ ಬಣ್ಣ, ನೀರಿನ ಕೊಳೆಯಲ್ಲ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಹೆಚ್ಚು ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ.

ಮರಳುಪದರ

ನಲ್ಲಿ ನೀರನ್ನು ನಂಬುವುದು ಬಿಡುವುದು ಮೂಲದಲ್ಲಿ ಏನಾಗುತ್ತಿದೆ ಅನ್ನುವುದರ ಮೇಲಿದೆ. ನಮ್ಮ ಭಾಗದ ಕೆರೆ ಆಧಾರಿತ ಯೋಜನೆಗಳಲ್ಲಿ ನಿಧಾನ ಮರಳು ಶೋಧಕಗಳು ಹೆಚ್ಚು. ಅದರಲ್ಲಿ ನೀರು ತಾಸಿಗೆ 10ರಿಂದ 20 ಸೆಂ.ಮೀ. ಮಾತ್ರ ಇಳಿಯಬೇಕು. ಕೆಲಸ ಮಾಡುವುದು ಮರಳಲ್ಲ, ಮರಳಿನ ನೆತ್ತಿಯ ಮೇಲೆ ಬೆಳೆಯುವ ತೆಳು ಜೀವಪದರ. ರೋಗಾಣುಗಳನ್ನು ತಿನ್ನುವುದು ಅದೇ. ಬೇಡಿಕೆ ಹೆಚ್ಚಿತು ಅಂತ ವಾಲ್ವ್ ಪೂರ್ತಿ ತೆಗೆದರೆ ನೀರು ಧಾರಾಳ ಬರುತ್ತದೆ, ಶೋಧನೆ ಮಾತ್ರ ನಿಂತಿರುತ್ತದೆ.

ನೀರು ಇಳಿಯುವುದು ತೀರಾ ನಿಧಾನವಾದಾಗ ಮೇಲಿನ 1ರಿಂದ 2 ಸೆಂ.ಮೀ. ಮರಳನ್ನಷ್ಟೇ ಹೆರೆದು ತೆಗೆಯಬೇಕು. ಸಲಿಕೆ ಹಾಕಿ ಅಡಿಮೇಲು ಮಾಡಿದರೆ ಕೆಟ್ಟಿತು. ಹೆರೆದ ಮೇಲೆ ಕನಿಷ್ಠ ಒಂದೆರಡು ದಿನದ ನೀರನ್ನು ಹೊರಗೆ ಬಿಡಬೇಕು, ಪದರ ಮತ್ತೆ ಕಟ್ಟುವ ತನಕ. ಊರಿಗೆ ನೀರಿಲ್ಲ ಅಂತ ಫೋನ್ ಮೇಲೆ ಫೋನ್ ಬರುವಾಗ ಈ ಎರಡು ದಿನ ಕಾಯುವ ಧೈರ್ಯ ಯಾರಿಗೂ ಇರುವುದಿಲ್ಲ. ಹೊಟ್ಟೆ ಕೆಡುವುದು ಅದೇ ವಾರ. ಇನ್ನು ಕೆರೆಯಲ್ಲಿ ಪಾಚಿ ಹೆಚ್ಚಿದರೆ, ನೀರು ತೀರಾ ಬಗ್ಗಡವಾಗಿದ್ದರೆ ಈ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಗದ್ದೆಯಿಂದ ಬಸಿದು ಬರುವ ಔಷಧಿಗೆ ಇದನ್ನು ನಂಬಿ ಕೂರುವಂತಿಲ್ಲ.

ನೀರಗಂಟಿ

ಬ್ಲೀಚಿಂಗ್ ಪೌಡರ್ ಲೆಕ್ಕಾನೂ ಬರೀರಿ ಸರ್. ನಮ್ಮ ಹುಡುಗರು ಚೀಲದಿಂದ ಹಿಡಿ ಹಿಡಿ ಟ್ಯಾಂಕಿನ ಬಾಯಿಗೇ ಉಗ್ಗತಾರ.

ಮರಳುಪದರ

50,000 ಲೀಟರಿಗೆ ಲೀಟರಿಗೆ 2 ಮಿ.ಗ್ರಾಂ.ನಂತೆ 100 ಗ್ರಾಂ ಕ್ಲೋರಿನ್ ಬೇಕು. ಪುಡಿಯಲ್ಲಿ ಕ್ಲೋರಿನ್ ಶೇ 25 ಇದ್ದರೆ 400 ಗ್ರಾಂ ಪುಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ಗಂಜಿಯಂತೆ ಕಲಸಿ, ನೀರು ತುಂಬಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ಅರ್ಧ ತಾಸು ಕಳೆದ ಮೇಲೆ ನೀರು ಬಿಡಬೇಕು. ಕೊನೆ ಮನೆಯ ನಲ್ಲಿಯಲ್ಲಿ 0.2 ಮಿ.ಗ್ರಾಂ. ಕ್ಲೋರಿನ್ ಸಿಗಬೇಕು, ಟ್ಯಾಂಕಿನ ಕೆಳಗೆ ನೋಡಿ ಸರಿಯಿದೆ ಅಂತ ಬರೆದುಕೊಂಡರೆ ಆ ಪರೀಕ್ಷೆ ಮಾಡಿದ್ದೂ ಒಂದೇ ಬಿಟ್ಟದ್ದೂ ಒಂದೇ. ಬಾಯಿ ಬಿಚ್ಚಿದ ಚೀಲ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಹೊಡೆಯದ ಪುಡಿಯನ್ನು ಎಷ್ಟು ಹಾಕಿದರೂ ಸುಣ್ಣ ಹಾಕಿದಂತೆ.

ಹಲ್ಲುಗೆರೆ

ಬರೀ ಕುಡಿಯುವ ನೀರಿನ ಮಾತೇ ಆಗುತ್ತಿದೆ. ಅಡುಗೆ ನೀರನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಐದು ಮಂದಿಯ ಮನೆಯಲ್ಲಿ ತಲೆಗೆ 3 ಲೀಟರಿನಂತೆ ಕುಡಿಯಲು 15, ಅಡುಗೆಗೆ 8 ಹಿಡಿದರೂ 23 ಲೀಟರ್ ಆಯಿತು. ಬೇಸಿಗೆಯಲ್ಲಿ ಹೊಲಕ್ಕೆ ಹೋಗುವವರು ಒಬ್ಬೊಬ್ಬರೇ 5 ಲೀಟರ್ ಕುಡಿಯುತ್ತಾರೆ. ಮನೆಗೆ ಒಂದೇ ಕ್ಯಾನ್ ಒಯ್ದರೆ ಕುಡಿಯಲು ಫಿಲ್ಟರ್ ನೀರು, ಅನ್ನ–ಬ್ಯಾಳಿಗೆ ಬೋರ್ ನೀರು ಆಗುತ್ತದೆ. ಒಂದು ಕೆ.ಜಿ. ಅಕ್ಕಿ ಎರಡು ಲೀಟರಿಗೂ ಹೆಚ್ಚು ನೀರು ಹೀರುತ್ತದೆ, ಅದರ ಫ್ಲೋರೈಡ್ ಅನ್ನದಲ್ಲೇ ಉಳಿಯುತ್ತದೆ. ರೊಟ್ಟಿ ಹಿಟ್ಟಿಗೆ ಹಾಕುವ ಎಸರಿನದ್ದೂ ಅದೇ ಕಥೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅನ್ನುವವರು ಇನ್ನೂ ಇದ್ದಾರೆ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕುದಿಸುವುದು ರೋಗಾಣುವಿಗೆ ಮದ್ದು, ಫ್ಲೋರೈಡ್‌ಗಾಗಲಿ ನೈಟ್ರೇಟ್‌ಗಾಗಲಿ ಅಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಸಪ್ಪೆ ನೀರು, ಬ್ಯಾಳಿ ಬೇಗ ಬೇಯುವ ನೀರು ಒಳ್ಳೆಯದು ಅನ್ನುವುದು. ನಮ್ಮದು ಗ್ರಾನೈಟ್, ನೈಸ್ ಕಲ್ಲಿನ ನೆಲ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಾದ ಅಂಶ ಹೆಚ್ಚಿರುವ ನೀರಿನಲ್ಲೇ ಅದು ಆರಾಮಾಗಿ ಕರಗಿರುತ್ತದೆ. ಹಾಗಾಗಿ ಬ್ಯಾಳಿ ಚಲೋ ಬೇಯುವ ಬೋರನ್ನು ಮೊದಲು ಪರೀಕ್ಷೆ ಮಾಡಿಸಿ.

ಮಕ್ಕಳ ಹಲ್ಲಿನ ಮೇಲ್ಪದರ ಕಟ್ಟುವುದು ಹೆಚ್ಚುಕಡಿಮೆ 8 ವರ್ಷದೊಳಗೆ. ಆಮೇಲೆ ನೀರು ಬದಲಿಸಿದರೂ ಆ ಕಂದು ಗೆರೆ ಅಳಿಯುವುದಿಲ್ಲ. ಆದ್ದರಿಂದ ಘಟಕದ ನೀರು ಕಡಿಮೆ ಇದ್ದ ದಿನ ಮೊದಲ ಪಾಲು ಅಂಗನವಾಡಿ, ಶಾಲೆ ಮತ್ತು ಬಸುರಿಯರಿರುವ ಮನೆಗೆ ಹೋಗಬೇಕು. ಬಿಸಿಯೂಟದ ಅಡುಗೆಗೂ ಅದೇ ನೀರು. ಊಟದಲ್ಲಿ ಮೊಸರು, ರಾಗಿ, ಎಳ್ಳು, ನುಗ್ಗೆಸೊಪ್ಪು ಇದ್ದರೆ ಕ್ಯಾಲ್ಸಿಯಂ ಸಿಕ್ಕಿ ಫ್ಲೋರೈಡ್ ಮೈಗೆ ಹತ್ತುವುದು ಕಡಿಮೆ. ಹಾಲಿಲ್ಲದ ಕಡು ಚಹಾ ತಾನೇ ಫ್ಲೋರೈಡ್ ತರುತ್ತದೆ.

ಹಟ್ಟಿಕಲ್ಲು

ಅಕ್ಕಾರ ಮಾತಿಗೆ ಒಂದು ಸೇರಿಸುತ್ತೇನೆ. ಲಿಂಗಸುಗೂರು ಕಡೆ ಚಿನ್ನದ ಕಲ್ಲಿನ ಪಟ್ಟಿ ಇರುವ ಊರುಗಳಲ್ಲಿ ಫ್ಲೋರೈಡ್ ಜೊತೆ ಆರ್ಸೆನಿಕ್ ಕೂಡ ಪರೀಕ್ಷೆ ಮಾಡಿಸಬೇಕು. ಮಿತಿ 0.01 ಮಿ.ಗ್ರಾಂ., ರುಚಿ ಬಣ್ಣ ಯಾವುದರಲ್ಲೂ ಸುಳಿವು ಸಿಗದು. ನೆಲದಾಳದಲ್ಲಿ ಆಮ್ಲಜನಕವಿಲ್ಲದ ನೀರಿನ ಆರ್ಸೆನಿಕ್ ಒಂದು ರೂಪದಲ್ಲಿರುತ್ತದೆ, ಅದನ್ನು ಆರ್‌ಓ ಸರಿಯಾಗಿ ತಡೆಯುವುದಿಲ್ಲ. ಹಾಗಾಗಿ ಅಲ್ಲಿ ಬೋರ್ ನೀರಿನದ್ದಷ್ಟೇ ಸಾಲದು, ಘಟಕ ದಾಟಿ ಬಂದ ನೀರಿನದ್ದೂ ವರದಿ ಬೇಕು.

ಎರಡನೆಯದು ಮಿಕ್ಸಿಂಗ್ ವಾಲ್ವ್. ನೀರು ಸಪ್ಪೆ ಅಂತ ಜನ ಗೊಣಗಿದರೆ ಆಪರೇಟರ್ ಅದನ್ನು ತುಸು ತೆಗೆದು ಹಸಿ ಬೋರ್ ನೀರನ್ನೇ ಶುದ್ಧ ನೀರಿಗೆ ಸೇರಿಸುತ್ತಾನೆ. ಬಿಳಿಜೋಳ ಅವರ ಅಂಕಿಯಲ್ಲಿ ಶೇ 10 ಸೇರಿದರೆ ಫ್ಲೋರೈಡ್ 0.5, ಅಡ್ಡಿಯಿಲ್ಲ. ಶೇ 30 ಸೇರಿದರೆ 1.1. ರುಚಿ ಬಂತು, ಐದು ರೂಪಾಯಿ ದಂಡವಾಯಿತು. ಆರ್ಸೆನಿಕ್ ಇರುವ ಊರಲ್ಲಿ ಆ ವಾಲ್ವ್ ಕಿತ್ತು ಬಾಯಿಗೆ ಪ್ಲಗ್ ಹಾಕಿಸಿ.

ತುಂಗೆತೀರ (ಗಂಗಾವತಿ)

ಘಟಕ ಹೊರಗೆ ಬಿಡುವ ವೇಸ್ಟ್ ನೀರಿನ ಬಗ್ಗೆ ಯಾರೂ ಬರೆದಿಲ್ಲ. ಇಂಗುಗುಂಡಿ ತೋಡಿ ಬೋರ್ ಪಕ್ಕ ಇಂಗಿಸಬಹುದಲ್ಲ, ಅಂತರ್ಜಲ ಏರುತ್ತದೆ.

ಲ್ಯಾಬ್ ಬೆಂಚು

ದಯವಿಟ್ಟು ಬೇಡ. 2,000 ಲೀಟರ್ ಒಳಗೆ ಹೋಗಿ 1,000 ಶುದ್ಧ, 1,000 ತಿರಸ್ಕೃತ ಅಂದರೆ ಆ ನೀರಿನಲ್ಲಿ ಫ್ಲೋರೈಡ್ 6.2, ಟಿಡಿಎಸ್ 3,500 ದಾಟಿರುತ್ತದೆ. ಅದನ್ನು ಬೋರ್ ಪಕ್ಕ ಇಂಗಿಸುವುದು ಎಂದರೆ ಕಸವನ್ನು ಗುಡಿಸಿ ಮತ್ತೆ ಪಡಸಾಲೆಗೇ ಸುರಿದಂತೆ. ಇಂಗುಗುಂಡಿ ಮಳೆ ನೀರಿಗೆ ಮಾಡಿಸಿ. ಈ ನೀರು ಶಾಲೆಯ ಶೌಚಾಲಯಕ್ಕೆ, ಬಂಡಿ–ಟ್ರ್ಯಾಕ್ಟರ್ ತೊಳೆಯಲು, ರಸ್ತೆ ಧೂಳಿಗೆ ಹೊಡೆಯಲು ಆದೀತು. ಒಂದು ಗುಮ್ಮಿ (ನೀರಿನ ತೊಟ್ಟಿ) ಕಟ್ಟಿ ತುಂಬಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಕುಡಿಯಬಾರದು ಅಂತ ಬರೆಸಿ. ದನ ನೀರು ಕುಡಿಯುವ ತೊಟ್ಟಿಗೆ ಈ ಪೈಪ್ ಬಿಟ್ಟಿದ್ದರೆ ಇವತ್ತೇ ಕಿತ್ತುಹಾಕಿ, ದನಕ್ಕೂ ಹಲ್ಲು ಮೂಳೆ ಇವೆ.

ಬಿಳಿಜೋಳ

ದುಡ್ಡಿನ ಲೆಕ್ಕಕ್ಕೆ ಬರೋಣ. ದಿನಕ್ಕೆ 100 ಕ್ಯಾನ್ ಹೋಗುತ್ತದೆ. ತಿಂಗಳಿಗೆ 15,000 ರೂಪಾಯಿ ಬರಬೇಕು.

ಘಟಕದ ಕೀಲಿ

ಅದರಲ್ಲಿ ಕ್ಯಾನಿಗೆ ಒಂದು ರೂಪಾಯಿ ಮೆಂಬ್ರೇನ್ ನಿಧಿ ಅಂತ ಬೇರೆ ಖಾತೆಗೆ ಹಾಕಿ. ವರ್ಷಕ್ಕೆ 36,500 ಆಗುತ್ತದೆ. ಮೆಂಬ್ರೇನ್ ಚೆನ್ನಾಗಿ ನೋಡಿಕೊಂಡರೆ ಎರಡು–ಮೂರು ವರ್ಷ ಬಾಳುತ್ತದೆ, ಆಗ ಬಿಲ್ಲಿಗಾಗಿ ಯಾರ ಬಾಗಿಲಿಗೂ ಹೋಗಬೇಕಿಲ್ಲ. ಕರೆಂಟು ದೊಡ್ಡ ಖರ್ಚಲ್ಲ: 2,000 ಲೀಟರಿಗೆ ಎರಡು ಮೋಟಾರ್ ಸೇರಿ ಎರಡೂವರೆ ತಾಸು, 5–6 ಯೂನಿಟ್. ಯುವಿ ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ, ನೀಲಿ ಬೆಳಕು ಕಾಣುತ್ತದೆ ಆದರೆ ರೋಗಾಣು ಕೊಲ್ಲುವ ಶಕ್ತಿ ಕುಂದಿರುತ್ತದೆ. ಸಣ್ಣ ಕಣ ತಡೆಯುವ 5 ಮೈಕ್ರಾನ್ ಕಾರ್ಟ್ರಿಜ್ ತಿಂಗಳಿಗೊಮ್ಮೆ ಬದಲಿಸಿ. ತೊಳೆದು ಮತ್ತೆ ಹಾಕಬೇಡಿ.

ಬಿಳಿಜೋಳ

ಎಲ್ಲ ಸೇರಿಸಿ ಠರಾವು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

«ಕಾಲುವೆ ನೀರು ಇರುವ ತಿಂಗಳುಗಳಲ್ಲಿ ಘಟಕವನ್ನು ದಿನ ಬಿಟ್ಟು ದಿನ ಓಡಿಸಿ ಅಂಗನವಾಡಿ, ಶಾಲೆಗೆ ನೀರು ಕೊಡುವುದು. ಕಾಲುವೆ ಬಂದ್ ಆದ ದಿನದಿಂದ ಪೂರ್ಣಾವಧಿ ನಡೆಸುವುದು. ಓವರ್‌ಹೆಡ್ ಟ್ಯಾಂಕಿಗೆ ಬೋರ್ ನೀರು ಸೇರಿಸಿದ ದಿನ ಪಂಚಾಯ್ತಿ ಬೋರ್ಡಿನ ಮೇಲೆ ಬರೆಯುವುದು ಮತ್ತು ಡಂಗುರ ಸಾರುವುದು. ಫ್ಲೋರೈಡ್ ಪರೀಕ್ಷೆಯನ್ನು ಸೆಪ್ಟೆಂಬರ್ ಮತ್ತು ಏಪ್ರಿಲ್‌ನಲ್ಲಿ ಎರಡು ಬಾರಿ ಮಾಡಿಸುವುದು. ಕ್ಯಾನಿಗೆ ಒಂದು ರೂಪಾಯಿ ಮೆಂಬ್ರೇನ್ ನಿಧಿ.»

ಲ್ಯಾಬ್ ಬೆಂಚು

ಚೆನ್ನಾಗಿದೆ. ಪರೀಕ್ಷೆಯ ಸಾಲಿನಲ್ಲಿ ಮಾದರಿ ಎಲ್ಲಿಂದ ಅಂತ ಬರೆಯಿರಿ: ಬೋರ್, ಘಟಕದ ನಲ್ಲಿ, ಊರ ಕೊನೆ ಮನೆಯ ನಲ್ಲಿ, ಮೂರೂ ಒಂದೇ ದಿನ. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಬೇಕು. ರೋಗಾಣು ಪರೀಕ್ಷೆಗೆ ಬೇರೆ ಬಾಟಲಿ, ಅದನ್ನು ಲ್ಯಾಬಿನಿಂದಲೇ ತರಬೇಕು, ಗಲಬರಿಸಬಾರದು, ಐಸ್ ಡಬ್ಬಿಯಲ್ಲಿಟ್ಟು ಅಂದೇ ತಲುಪಿಸಬೇಕು. ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತಿದೆ. ನಿಮ್ಮ ಊರಿನ ಆ ಐವರು ಯಾರು, ಕಿಟ್ ಯಾರ ಮನೆಯಲ್ಲಿದೆ, ಔಷಧಿಯ ಅವಧಿ ಮುಗಿದಿದೆಯಾ, ಸಭೆಯಲ್ಲೇ ಕೇಳಿ.

ನೀರಗಂಟಿ

ಒಂದು ಬಿಟ್ಟೀರಿ. ಐದು ರೂಪಾಯಿಗೆ 20 ಲೀಟರ್ ಅಂತ ಬೋರ್ಡ್ ಐತಿ, ಆದ್ರ ಕಾಯಿನ್ ಬಾಕ್ಸ್ ಲೀಟರ್ ಅಳೆಯಂಗಿಲ್ರಿ, ಟೈಮ್ ಅಳಿತತಿ. ಪಂಪ್ ಸೊರಗಿದ್ರ ಅಷ್ಟೇ ಸೆಕೆಂಡಿನ್ಯಾಗ 17 ಲೀಟರ್ ಬರ್ತತಿ. ತಿಂಗಳಿಗೊಮ್ಮಿ ಗೆರಿ ಇರೋ ಕ್ಯಾನ್ ಹಿಡದು ಟೈಮರ್ ಸರಿ ಮಾಡಸ್ರಿ. ಇಲ್ಲಾಂದ್ರ ಗ್ರಾಮಸಭ್ಯಾಗ ಫ್ಲೋರೈಡ್ ಮಾತು ಬರೂದ್ರಾಗ ಆ ಮೂರು ಲೀಟರಿನ ಜಗಳಾನ ಹತ್ತತತಿ.

ಬಿಳಿಜೋಳ

ಸೇರಿಸಿದೆ ಅಣ್ಣಾರೆ. ನಾಳೆ ಮುಂಜಾನೆ ಕ್ಯಾನ್ ಹಿಡಿದು ನೋಡುತ್ತೇನೆ.